ಗುಂಡನ ಮೂಗು ನೆಲಕ್ಕೆ ಉಜ್ಜಬೇಡಿ: ನಮ್ಮ ಮನೆ ಗುಂಪಿನಲ್ಲಿ ಮೂರು ದಿನ ನಡೆದ ಮಾತು

ತೀರ್ಥಹಳ್ಳಿಯ ಅಣ್ಣನ ಮನೆಗೆ ನಾಯಿಮರಿ ಬಂದು ಹತ್ತು ದಿನ ಆಗಿತ್ತು. ಎರಡು ತಿಂಗಳ ನಾಡು ತಳಿ, ಹೆಸರು ಗುಂಡ. ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು. ನಾನಿರುವುದು ಮೈಸೂರಿನಲ್ಲಿ. ದೊಡ್ಡಪ್ಪ ಕಳಿಸಿದ ಒಂದು ವಿಡಿಯೊದಿಂದ ಮಾತು ಶುರುವಾಯಿತು. ಮರಿ ತಂದು ಕಷ್ಟಪಡುತ್ತಿರುವವರಿಗೆ ಉಪಯೋಗ ಆಗಲಿ ಅಂತ ಎಲ್ಲರ ಒಪ್ಪಿಗೆ ಕೇಳಿ ಇಲ್ಲಿ ಹಾಕಿದ್ದೇನೆ. ನಡುವೆ ಬಂದ ಶುಭೋದಯದ ಚಿತ್ರಗಳನ್ನು ಮಾತ್ರ ತೆಗೆದಿದ್ದೇನೆ.

ಭಾನುವಾರ

ದೊಡ್ಡಪ್ಪ: (ಫಾರ್ವರ್ಡ್ ಆದ ವಿಡಿಯೊ: ಮೂರೇ ದಿನದಲ್ಲಿ ನಾಯಿಮರಿಗೆ ಶಿಸ್ತು)

ದೊಡ್ಡಪ್ಪ: ಗುಂಡ ಮನೆ ತುಂಬ ಗಲೀಜು ಮಾಡುತ್ತಾನೆ ಅಂತ ಹೇಳಿದಿರಲ್ಲ. ಇದನ್ನು ನೋಡಿ. ಮಾಡಿದ ಜಾಗಕ್ಕೆ ಎಳೆದುಕೊಂಡು ಹೋಗಿ ಮೂಗು ಉಜ್ಜಬೇಕು. ಸುತ್ತಿದ ಪೇಪರಿನಲ್ಲಿ ಎರಡು ಬಿಡಬೇಕು. ತಾನಾಗಿ ಸರಿ ಹೋಗುತ್ತದೆ.

ಅಣ್ಣ: ನೋಡಿದೆ ದೊಡ್ಡಪ್ಪ. ಇವತ್ತಿನಿಂದಲೇ ಶುರು ಮಾಡುತ್ತೇನೆ. ಬೆಳಿಗ್ಗೆ ದೇವರ ಕೋಣೆಯ ಬಾಗಿಲಲ್ಲೇ ಮಾಡಿದ್ದಾನೆ. ಅಜ್ಜಿ ಮತ್ತೆ ಸ್ನಾನ ಮಾಡಬೇಕಾಯಿತು.

ನಾನು: ಅಣ್ಣ, ದಯವಿಟ್ಟು ಬೇಡ. ದೊಡ್ಡಪ್ಪ, ನಿಮಗೆ ಎದುರು ಮಾತಾಡುತ್ತಿದ್ದೇನೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ನಾನು ಇದನ್ನೇ ಮಾಡಿ ನೋಡಿದವಳು. ನಮ್ಮ ಚುಕ್ಕಿ ಮರಿಯಾಗಿದ್ದಾಗ ದುಡ್ಡು ಕೊಟ್ಟು ಒಬ್ಬ ತರಬೇತುದಾರನನ್ನು ಕರೆಸಿದ್ದೆವು. ಅವನು ಹೇಳಿಕೊಟ್ಟದ್ದೂ ಇದೇ. ಒಂದು ವಾರಕ್ಕೆ ಹಾಲಿನಲ್ಲಿ ಮಾಡುವುದು ನಿಂತಿತು. ಗೆದ್ದೆವು ಅಂದುಕೊಂಡೆವು. ಆಮೇಲೆ ವಾಸನೆ ಬಂತು. ಮಂಚದ ಕೆಳಗೆ, ಅಕ್ಕಿ ಡಬ್ಬದ ಹಿಂದೆ, ಪರದೆಯ ಮರೆಯಲ್ಲಿ. ಹೊರಗೆ ಕರೆದುಕೊಂಡು ಹೋಗಿ ಅರ್ಧ ಗಂಟೆ ನಿಂತರೂ ಮಾಡುತ್ತಿರಲಿಲ್ಲ. ಒಳಗೆ ಬಂದ ಎರಡೇ ನಿಮಿಷಕ್ಕೆ ಎಲ್ಲಾದರೂ ಅಡಗಿ ಮಾಡುತ್ತಿತ್ತು. ಮನುಷ್ಯರ ಕಣ್ಣೆದುರು ಮಾಡಿದರೆ ಪೆಟ್ಟು ಬೀಳುತ್ತದೆ, ಅದು ಕಲಿತದ್ದು ಅಷ್ಟೇ. ನಾನು ಫ್ಯಾನ್ ಹಾಕಲು ಕೈ ಎತ್ತಿದರೂ ತಲೆ ತಗ್ಗಿಸುತ್ತಿತ್ತು. ಆ ಹೆದರಿಕೆ ಬಿಡಿಸಲು ನಾಲ್ಕು ತಿಂಗಳು ಹಿಡಿಯಿತು. ಈಗಲೂ ನೆನೆದರೆ ಸಂಕಟ ಆಗುತ್ತದೆ.

ದೊಡ್ಡಪ್ಪ: ನೀನು ಹೇಳುವುದು ಸರಿ ಇರಬಹುದು ಪುಟ್ಟಿ. ಆದರೆ ನಮ್ಮ ತೋಟದಲ್ಲಿ ಮೂವತ್ತು ವರ್ಷದಿಂದ ನಾಯಿ ಸಾಕಿದ್ದೇವೆ. ಒಂದಾದರೂ ಮನೆಯೊಳಗೆ ಮಾಡಿದ್ದು ನಿನಗೆ ನೆನಪಿದೆಯಾ? ಪೆಟ್ಟು ತಿಂದೇ ಕಲಿತವು ಅವೆಲ್ಲ.

ನಾನು: ಆ ನಾಯಿಗಳು ಒಳಗೆ ಬಂದದ್ದೇ ಇಲ್ಲವಲ್ಲ ದೊಡ್ಡಪ್ಪ! ಕೊಟ್ಟಿಗೆಯಲ್ಲಿ ಮಲಗುತ್ತಿದ್ದವು. ಅಂಗಳ ದಾಟಿದರೆ ತೋಟ. ಬೇಕಾದಾಗ ಎದ್ದು ಹೋಗುತ್ತಿದ್ದವು. ನೀವೇ ನೋಡಿದ್ದೀರಿ, ಹುಟ್ಟಿದ ಮರಿಯನ್ನು ತಾಯಿ ನೆಕ್ಕಿ ನೆಕ್ಕಿ ಒಂದಕ್ಕೆ ಎರಡಕ್ಕೆ ಮಾಡಿಸುತ್ತದೆ, ತಾನೇ ಶುಚಿ ಮಾಡುತ್ತದೆ. ಮೂರು ವಾರ ಆಗುವ ಹೊತ್ತಿಗೆ ಮರಿ ತೆವಳಿಕೊಂಡು ಮಲಗುವ ಜಾಗದಿಂದ ಆಚೆ ಹೋಗಿ ಮಾಡಲು ಶುರು ಮಾಡುತ್ತದೆ. ಮಲಗುವ ಜಾಗ ಹೊಲಸು ಮಾಡಬಾರದು ಅನ್ನುವುದು ಗುಂಡನಿಗೂ ಹುಟ್ಟಿನಿಂದ ಗೊತ್ತು. ಇಡೀ ಮನೆ ತನ್ನ ಮಲಗುವ ಜಾಗ ಅಂತ ಮಾತ್ರ ಗೊತ್ತಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಅವನ ಪಾಲಿಗೆ ದೇವರ ಕೋಣೆಯ ಬಾಗಿಲೂ ಒಂದು ಆಚೆಯ ಮೂಲೆ. ಹಿತ್ತಲ ಬಾಗಿಲಿನ ಚಿಲಕ ತೆಗೆಯಲು ಅವನಿಗೆ ಬರುವುದಿಲ್ಲ. ತೆಗೆಯಬೇಕಾದವರು ನಾವು.

ಅತ್ತಿಗೆ: ನಾನೂ ಒಂದು ಮಾತು ಹೇಳಲೇ? ಹೊಡೆಯಬೇಡಿ ಅನ್ನುವುದು ಮೈಸೂರಿನಲ್ಲಿ ಕುಳಿತು ಸುಲಭ. ಒರೆಸುವವಳು ನಾನು. ಬೆಳಿಗ್ಗೆ ಏಳೂವರೆಗೆ ಒಂದು ಕೈಯಲ್ಲಿ ದೋಸೆ ಕಾವಲಿ, ಇನ್ನೊಂದು ಕೈಯಲ್ಲಿ ಮಗಳ ಜಡೆ. ಎಂಟೂವರೆಗೆ ವ್ಯಾನು. ಒಂಬತ್ತೂವರೆಗೆ ನಾನು ಶಾಲೆಯಲ್ಲಿ ಇರಬೇಕು. ಈ ಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಒರೆಸುವ ಬಟ್ಟೆ ಎಲ್ಲಿಂದ ತರಲಿ? ನಿನ್ನೆ ಅಜ್ಜಿ ಜಾರಿ ಗೋಡೆ ಹಿಡಿದುಕೊಂಡರು. ಬಿದ್ದಿದ್ದರೆ?

ನಾನು: ಅತ್ತಿಗೆ, ನಿಮ್ಮ ಮಾತು ಪೂರ್ತಿ ನಿಜ. ಅಜ್ಜಿ ಜಾರಿದ್ದು ನನಗೆ ಗೊತ್ತಿರಲಿಲ್ಲ. ಕ್ಷಮಿಸಿ. ಇದು ನಿಮ್ಮೊಬ್ಬರ ತಲೆ ಮೇಲೆ ಬರಬಾರದು, ಅದನ್ನೇ ನಾನು ಹೇಳಲು ಹೊರಟಿದ್ದು. ಮರಿ ಎಲ್ಲರದ್ದೂ ಅಂತ ತಂದಿದ್ದೇವೆ, ಆದರೆ ಯಾವ ಹೊತ್ತಿಗೆ ಯಾರು ಅಂತ ಯಾರಿಗೂ ಗೊತ್ತಿಲ್ಲ. ಪುಟ್ಟ, ನೀನು ನೋಟ್‌ಬುಕ್ ತಗೊಂಡು ಎರಡು ದಿನ ಬರೆಯುತ್ತೀಯಾ? ಯಾವಾಗ ಮಾಡಿದ, ಎಲ್ಲಿ ಮಾಡಿದ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದ. ಅಷ್ಟೇ ಸಾಕು.

ಅಣ್ಣನ ಮಗ: ಬರೆಯುತ್ತೇನೆ ಅತ್ತೆ. ಒಂದಕ್ಕೆ ಬೇರೆ, ಎರಡಕ್ಕೆ ಬೇರೆ ಬರೆಯಲಾ?

ನಾನು: ಬೇರೆ ಬೇರೆ ಬರಿ. ಜಾಣ.

ಭಾವ: ಲ್ಯಾಬ್ರಡಾರ್ ತನ್ನಿ ಅಂತ ಆಗಲೇ ಹೇಳಿದ್ದೆ. ಬೀದಿ ತಳಿಗೆ ಇದೆಲ್ಲ ಹತ್ತುವುದಿಲ್ಲ.

ನಾನು: ಎರಡು ತಿಂಗಳ ಲ್ಯಾಬ್ರಡಾರ್ ಮರಿಯೂ ಹೀಗೇ ಮಾಡುತ್ತದೆ ಭಾವ. ಈ ವಯಸ್ಸಿಗೆ ಹಿಡಿದುಕೊಳ್ಳುವ ಶಕ್ತಿಯೇ ಇರುವುದಿಲ್ಲ. ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಹೆಚ್ಚೆಂದರೆ ಅಷ್ಟು ಗಂಟೆ. ಗುಂಡನಿಗೆ ಮೂರು. ಅದೂ ಸುಮ್ಮನೆ ಮಲಗಿದ್ದರೆ. ಆಡುತ್ತಿದ್ದರೆ ಅರ್ಧ ಮುಕ್ಕಾಲು ಗಂಟೆಗೇ ಬರುತ್ತದೆ. ಪೂರ್ತಿ ಹಿಡಿತ ಬರಲು ನಾಲ್ಕರಿಂದ ಆರು ತಿಂಗಳಾದರೂ ಬೇಕು. ಇನ್ನು ನಮ್ಮ ನೆಲದ ನಾಯಿ ದಡ್ಡ ಅನ್ನಬೇಡಿ. ಮುಧೋಳ ನಾಯಿಗೆ 2005ರಲ್ಲಿ ಅಂಚೆ ಇಲಾಖೆ ಚೀಟಿಯನ್ನೇ ತಂದಿದೆ.

ಚಿಕ್ಕಮ್ಮ: ಫಿನಾಯಿಲ್ ಜಾಸ್ತಿ ಹಾಕಿ ಒರೆಸಿ. ಆ ವಾಸನೆಗೆ ಮತ್ತೆ ಅಲ್ಲಿಗೆ ಬರುವುದಿಲ್ಲ.

ನಾನು: ಫಿನಾಯಿಲ್ ಬೇಡ ಚಿಕ್ಕಮ್ಮ. ನಮ್ಮ ಮೂಗಿಗೆ ಮಾತ್ರ ಅದು ವಾಸನೆ ಮುಚ್ಚುತ್ತದೆ. ನಾಯಿಗೆ ಕೆಳಗಿನ ಉಚ್ಚೆಯ ವಾಸನೆ ಬಂದೇ ಬರುತ್ತದೆ, ಇದೇ ನನ್ನ ಜಾಗ ಅಂತ ಮತ್ತೆ ಅಲ್ಲಿಗೇ ಹೋಗುತ್ತದೆ. ಮೇಲಾಗಿ ಮರಿ ಆ ನೆಲದಲ್ಲಿ ಓಡಾಡಿ ಕಾಲು ನೆಕ್ಕಿಕೊಳ್ಳುತ್ತದೆ, ಹೊಟ್ಟೆಗೆ ವಿಷ. ಮೊದಲು ಹಳೇ ಪೇಪರಿನಲ್ಲಿ ಒತ್ತಿ ಹೀರಿಸಬೇಕು. ಆಮೇಲೆ ಸೋಪಿನ ನೀರು. ಆಮೇಲೆ ವಿನೆಗರ್ ಒಂದು ಪಾಲು, ನೀರು ಒಂದು ಪಾಲು. ನಾಯಿ ಸಾಮಾನಿನ ಅಂಗಡಿಯಲ್ಲಿ ಕಿಣ್ವ ಇರುವ ದ್ರಾವಣ ಸಿಗುತ್ತದೆ, ಅದು ಇನ್ನೂ ಒಳ್ಳೆಯದು.

ದೊಡ್ಡಪ್ಪ: ಎಲ್ಲ ಸರಿ. ಹೋದ ವಾರ ನಾನು ಬಂದಾಗ ಮುಖ ನೋಡಿಕೊಂಡೇ ನನ್ನ ಪಂಚೆ ಒದ್ದೆ ಮಾಡಿದನಲ್ಲ, ಅದಕ್ಕೆ ಏನು ಹೇಳುತ್ತೀ? ಕೊಬ್ಬು ಅಲ್ಲವಾ ಅದು?

ನಾನು: ದೊಡ್ಡಪ್ಪ, ಆಗ ಅವನು ಹೇಗೆ ನಿಂತಿದ್ದ ನೆನಪು ಮಾಡಿಕೊಳ್ಳಿ. ಕಿವಿ ಹಿಂದಕ್ಕೆ, ಮೈ ನೆಲಕ್ಕೆ, ಬಾಲ ಕೆಳಗೆ ಅಲ್ವಾ? ಅಮ್ಮ ಕಳಿಸಿದ ಫೋಟೊದಲ್ಲಿ ಹಾಗೇ ಇದೆ. ನೀವು ಬಾಗಿಲಲ್ಲಿ ಜೋರಾಗಿ ಕರೆದು ಬಗ್ಗಿ ತಲೆ ಮುಟ್ಟಿದಿರಿ. ನೀವು ದೊಡ್ಡವರು, ನಾನು ಚಿಕ್ಕವನು, ಏನೂ ಮಾಡಬೇಡಿ ಅಂತ ಮರಿಗಳು ಹೀಗೆ ಎರಡು ಹನಿ ಬಿಡುತ್ತವೆ. ಅದು ಅವನ ಕೈಯಲ್ಲಿಲ್ಲ. ಬೈದರೆ ಇನ್ನೂ ಜಾಸ್ತಿ ಆಗುತ್ತದೆ. ಮುಂದಿನ ಸಲ ಮಾತಾಡದೆ ಬಂದು ಕೆಳಗೆ ಕುಳಿತುಕೊಳ್ಳಿ. ಅವನೇ ಬರುತ್ತಾನೆ, ತೊಡೆ ಏರುತ್ತಾನೆ.

(ಇದಕ್ಕೆ ದೊಡ್ಡಪ್ಪ ಉತ್ತರ ಕೊಡಲಿಲ್ಲ. ನೀಲಿ ಗುರುತು ಬಿದ್ದಿತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.)

ಮಂಗಳವಾರ

ಅಣ್ಣನ ಮಗ: ಎರಡು ದಿನದ ಲೆಕ್ಕ. ಒಟ್ಟು 23 ಸಲ. ಹೊರಗೆ 12, ಒಳಗೆ 11. ಒಳಗಿನ 11ರಲ್ಲಿ 5 ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ ಒಳಗೆ. 4 ಸಂಜೆ ಆರರಿಂದ ಎಂಟು. ಬಾಕಿ 2 ಮಧ್ಯಾಹ್ನ. 8 ಸಲ ಕಾಲೊರಸಿನ ಮೇಲೆ ಅಥವಾ ಮಡಚಿಟ್ಟ ಬಟ್ಟೆಯ ಮೇಲೆ. ಎದ್ದ ಮೇಲೆ, ಊಟ ಆದ ಮೇಲೆ, ನನ್ನ ಜೊತೆ ಚೆಂಡು ಆಡಿದ ಮೇಲೆ ಜಾಸ್ತಿ.

ಅಪ್ಪ: ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ತಲೆ ಕೆರೆದುಕೊಳ್ಳಲು ಪುರಸೊತ್ತಿಲ್ಲದ ಹೊತ್ತು.

ನಾನು: ಹೌದು ಅಪ್ಪ! ನನಗೆ ಇದನ್ನು ಓದಿ ಕಣ್ಣು ತುಂಬಿ ಬಂತು. ಪುಟ್ಟ, ಆ ವಿಡಿಯೊಗಿಂತ ನಿನ್ನ ನೋಟ್‌ಬುಕ್ ದೊಡ್ಡದು. ಅಪ್ಪ, ನೀವು ಐದೂವರೆಗೆ ಕಾಫಿಗೆ ಏಳುತ್ತೀರಿ. ಕಾಫಿಗೆ ಮೊದಲು ಗುಂಡನನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ. ನಡೆಸಬೇಡಿ, ದಾರಿಯಲ್ಲೇ ಮಾಡಿಬಿಡುತ್ತಾನೆ. ತಗಡಿನ ಚಪ್ಪರದ ಕೆಳಗೆ ಒಂದೇ ಜಾಗ, ದಿನವೂ ಅದೇ. ಮಳೆಗೆ ಮೈ ನೆನೆದರೆ ಮಾಡುವುದು ಬಿಟ್ಟು ಬಾಗಿಲಿಗೆ ಓಡುತ್ತಾನೆ. ಎಲ್ಲರೂ ಒಂದೇ ಮಾತು ಹೇಳಿ, ಉಚ್ಚೆ ಮಾಡು ಅಂತ. ಮಾಡಿ ಮುಗಿಸಿದ ಕೂಡಲೇ, ಅಲ್ಲೇ ನಿಂತು, ಜಾಣ ಅಂದು ಒಂದು ಚೂರು ತಿಂಡಿ ಕೊಡಿ. ಒಳಗೆ ಬಂದು ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟ ಹಾಗೆ ಆಗುತ್ತದೆ. ಇನ್ನೊಂದು, ಮಾಡಿದ ತಕ್ಷಣ ಒಳಗೆ ತರಬೇಡಿ, ಐದು ನಿಮಿಷ ಆಡಲು ಬಿಡಿ. ಮಾಡಿದರೆ ಆಟ ಮುಗಿಯುತ್ತದೆ ಅಂತ ಗೊತ್ತಾದರೆ ತಡೆದುಕೊಳ್ಳಲು ಶುರು ಮಾಡುತ್ತಾನೆ.

ಅಣ್ಣ: ಒಳಗೆ ಮಾಡುತ್ತಿರುವಾಗಲೇ ಕಣ್ಣಿಗೆ ಬಿದ್ದರೆ?

ನಾನು: ಕಿರುಚಬೇಡ. ಎತ್ತಿಕೊಂಡು ಹಿತ್ತಲಿಗೆ ಹೋಗು, ಉಳಿದದ್ದು ಅಲ್ಲಿ ಮಾಡಲಿ. ಆಮೇಲೆ ನೋಡಿದರೆ ಸುಮ್ನೆ ಒರೆಸಿಬಿಡು. ಹತ್ತು ನಿಮಿಷದ ಹಿಂದಿನದಕ್ಕೆ ಈಗ ಬೈದರೆ ಅವನಿಗೆ ಏನೂ ಅರ್ಥ ಆಗುವುದಿಲ್ಲ. ಮುಖ ಸಣ್ಣ ಮಾಡಿಕೊಳ್ಳುವುದು ನಿನ್ನ ದನಿಗೆ ಹೆದರಿ. ತಪ್ಪು ಒಪ್ಪಿಕೊಂಡ ಅಂತ ತಿಳಿಯಬೇಡ. ಕಾಲೊರಸುಗಳನ್ನೆಲ್ಲ ಒಂದು ತಿಂಗಳು ಎತ್ತಿಡಿ. ಕಾಲಿಗೆ ಮೆತ್ತಗೆ ತಾಗಿ ನೀರು ಹೀರುವ ಜಾಗ ಮರಿಗಳಿಗೆ ಇಷ್ಟ.

ಅಮ್ಮ: ಎರಡಕ್ಕೆ ತೆಳ್ಳಗೆ ಮಾಡುತ್ತಾನೆ. ರಾತ್ರಿ ಅಜ್ಜಿ ಪ್ರೀತಿಯಿಂದ ಹಾಲನ್ನ ಹಾಕುತ್ತಾರೆ. ಬೇಡ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನಾನು: ಅಮ್ಮ, ತಾಯಿ ಹಾಲು ಬಿಟ್ಟ ಮರಿಗಳಲ್ಲಿ ತುಂಬಕ್ಕೆ ಹಸುವಿನ ಹಾಲು ಜೀರ್ಣ ಆಗುವುದಿಲ್ಲ. ಅದಕ್ಕೇ ಹೊಟ್ಟೆ ಕೆಡುತ್ತದೆ. ಹೊಟ್ಟೆ ಕೆಟ್ಟ ಮರಿಗೆ ಏನು ಕಲಿಸಲಿ? ಅಜ್ಜಿ ಕೈಯಿಂದ ಊಟ ತಪ್ಪಿಸಬೇಡಿ. ಪಶುವೈದ್ಯರು ಹೇಳಿದ ಮರಿ ಊಟವನ್ನು ಮಧ್ಯಾಹ್ನ ಅಜ್ಜಿಯೇ ಹಾಕಲಿ. ದಿನಕ್ಕೆ ನಾಲ್ಕು ಹೊತ್ತು, ಗಡಿಯಾರ ನೋಡಿ. ಹದಿನೈದು ನಿಮಿಷ ಆದ ಮೇಲೆ ತಟ್ಟೆ ಎತ್ತಿಬಿಡಿ. ಊಟದ ಹೊತ್ತು ಗೊತ್ತಿದ್ದರೆ ಎರಡಕ್ಕೆ ಹೋಗುವ ಹೊತ್ತೂ ಗೊತ್ತಾಗುತ್ತದೆ. ನೀರು ಮಾತ್ರ ತಪ್ಪಿಸಬೇಡಿ. ರಾತ್ರಿ ಮಲಗುವ ಒಂದು ಗಂಟೆ ಮುಂಚೆ ಎತ್ತಿಟ್ಟರೆ ಸಾಕು. ಹಾಲು ಬಿಟ್ಟ ಮೇಲೂ ತೆಳ್ಳಗಿದ್ದರೆ, ಇಲ್ಲವೇ ಉಚ್ಚೆ ಹನಿ ಹನಿಯಾಗಿ ಪದೇ ಪದೇ ಹೋದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಅಣ್ಣನ ಮಗ: ಅತ್ತೆ, ನಾನು ಅವನನ್ನು ರಸ್ತೆಗೆ ಕರೆದುಕೊಂಡು ಹೋಗಲಾ?

ನಾನು: ಈಗ ಬೇಡ ಪುಟ್ಟ. ಮೊದಲ ಚುಚ್ಚುಮದ್ದು ಮಾತ್ರ ಆಗಿದೆ. ಎಲ್ಲ ಸುತ್ತು ಮುಗಿಯಲು ಅವನಿಗೆ ನಾಲ್ಕು ತಿಂಗಳು ತುಂಬಬೇಕು. ಪಾರ್ವೊ ಅಂತ ರಕ್ತಭೇದಿ ತರುವ ಕಾಯಿಲೆ ಇದೆ, ಬೇರೆ ನಾಯಿಗಳು ಹೇತ ಜಾಗದಿಂದ ಬರುತ್ತದೆ. ಹಿತ್ತಲೇ ಸಾಕು. ಅವನ ಕಕ್ಕ ತೆಗೆದ ಮೇಲೆ ಸೋಪು ಹಾಕಿ ಕೈ ತೊಳಿ. ಮರಿಗಳ ಹೊಟ್ಟೆಯ ಹುಳು ಮಕ್ಕಳಿಗೂ ಅಂಟುತ್ತದೆ.

ಅಣ್ಣ: ಸರಿ. ರಾತ್ರಿ ಹತ್ತೂವರೆ ಮತ್ತು ಎರಡೂವರೆ ನನ್ನದು. ಬೆಳಿಗ್ಗೆ ಏಳೂವರೆಯೂ ನನ್ನದೇ, ಪೇಪರ್ ಆಮೇಲೆ ಓದುತ್ತೇನೆ. ಸಂಜೆ ಮಕ್ಕಳದ್ದು.

ಅತ್ತಿಗೆ: ಇದನ್ನು ಬರೆದು ಫ್ರಿಜ್ಜಿಗೆ ಅಂಟಿಸಿ. ಬರೆದದ್ದಕ್ಕೆ ಮಾತ್ರ ನಾನು ಒಪ್ಪುತ್ತೇನೆ.

ಬುಧವಾರ

ಅಣ್ಣನ ಮಗ: ಇವತ್ತು ಒಳಗೆ ಎರಡೇ ಸಲ!

ಅತ್ತಿಗೆ: ಬೆಳಿಗ್ಗೆ ಒಂದೂ ಇರಲಿಲ್ಲ. ದೋಸೆ ಸೀದುಹೋಗಲಿಲ್ಲ.

ಅಪ್ಪ: ಮಧ್ಯಾಹ್ನದ ಎರಡೂ ನನ್ನ ತಪ್ಪು. ಕಣ್ಣು ಹತ್ತಿತು. ನಾನು ಮಲಗಿದಾಗ ಅವನು ಇಡೀ ಮನೆ ಸುತ್ತುತ್ತಾನೆ, ಅಜ್ಜಿಯ ಕಾಲಿಗೂ ಸಿಗುತ್ತಾನೆ. ಏನು ಮಾಡುವುದು?

ನಾನು: ಹಿತ್ತಲ ಬಾಗಿಲ ಪಕ್ಕ ಒಂದು ಮೂಲೆ ಕಟ್ಟಬೇಕು ಅಪ್ಪ. ಒಂದು ಕಡೆ ಹಾಸಿಗೆ, ಇನ್ನೊಂದು ಕಡೆ ಪೇಪರ್. ಯಾರೂ ನೋಡಿಕೊಳ್ಳಲು ಆಗದ ಹೊತ್ತಿಗೆ ಮಾತ್ರ ಅಲ್ಲಿ ಬಿಡಿ. ಶಿಕ್ಷೆ ಅಂತ ಎಂದೂ ಹಾಕಬೇಡಿ. ದೇವರ ಕೋಣೆಯ ಬಾಗಿಲಿಗೂ ಒಂದು ಅಡ್ಡ ಹಲಗೆ ಬೇಕು, ಅಜ್ಜಿಯ ಮಡಿಗೆ ತೊಂದರೆ ಆಗಬಾರದು.

ದೊಡ್ಡಪ್ಪ: ಅಡಿಕೆ ದಬ್ಬೆ ಇದೆ ನನ್ನ ಹತ್ತಿರ. ಹೋದ ವರ್ಷ ಬಿದ್ದ ಮರದ್ದು, ಚೆನ್ನಾಗಿ ಒಣಗಿದೆ. ಶುಕ್ರವಾರ ಬಂದು ಕಟ್ಟಿಕೊಡುತ್ತೇನೆ. ಅಳತೆ ಹೇಳು ಪುಟ್ಟಿ.

ನಾನು: ಉದ್ದ ಆರು ಅಡಿ, ಅಗಲ ನಾಲ್ಕು, ಎತ್ತರ ಎರಡೂವರೆ ಇರಲಿ ದೊಡ್ಡಪ್ಪ. ದಬ್ಬೆಯ ನಡುವೆ ಎರಡು ಬೆರಳಿಗಿಂತ ಜಾಸ್ತಿ ಸಂದು ಬೇಡ, ತಲೆ ಸಿಕ್ಕಿಕೊಳ್ಳುತ್ತದೆ. ಸಿಬಿರು ಚೆನ್ನಾಗಿ ಕೆರೆದು ತನ್ನಿ, ಅವನು ಎಲ್ಲವನ್ನೂ ಕಚ್ಚುತ್ತಾನೆ.

ದೊಡ್ಡಪ್ಪ: ಆಗಲಿ. ಬಂದಾಗ ಬಾಗಿಲಲ್ಲಿ ಕರೆಯುವುದಿಲ್ಲ. ಜಗಲಿಯಲ್ಲಿ ಕೆಳಗೆ ಕುಳಿತುಕೊಳ್ಳುತ್ತೇನೆ.