ಹತ್ತು ವರ್ಷದಲ್ಲಿ ಆರು ತಂಡ: ಇವನು ಒಳ್ಳೆ ಆಟಗಾರನೋ, ಅಲ್ಲವೋ?

ಬ್ಯಾಂಕ್ ಕಾಕಾ, ಡೊಂಬಿವಿಲಿ:

ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಅಲ್ಲಿಗೆ ಹೋದಮೇಲೆ ಕ್ರಿಕೆಟ್ ಬಿಟ್ಟ, ಅವರ ಫುಟ್‌ಬಾಲ್ ಹಿಡಿದ. ಅದೇ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಆಟ. ಬೇಸಿಗೆ ರಜೆಗೆ ಬಂದಾಗ ರಿಕಿ ಜೀನ್ ಫ್ರಾನ್ಸ್ವಾ ಅನ್ನುವ ಆಟಗಾರನ ಬಗ್ಗೆ ನಮ್ಮಿಬ್ಬರಿಗೂ ದೊಡ್ಡ ವಾದ. ಡಿಫೆನ್ಸಿವ್ ಲೈನ್‌ಮನ್ ಅಂತೆ, ಅಂದ್ರೆ ಎದುರಾಳಿಯನ್ನು ತಡೆಯುವ ಮುಂದಿನ ಸಾಲಿನವನು. 2009ರಿಂದ 2018ರವರೆಗೆ ಅವರ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಡಿದ. ಸ್ಯಾನ್ ಫ್ರಾನ್ಸಿಸ್ಕೊ, ಇಂಡಿಯಾನಾಪೊಲಿಸ್, ವಾಷಿಂಗ್ಟನ್, ಗ್ರೀನ್ ಬೇ, ನ್ಯೂ ಇಂಗ್ಲೆಂಡ್, ಡೆಟ್ರಾಯಿಟ್. ಆರು ತಂಡ! ಇದು ಬಹಳ ಒಳ್ಳೆ ಕರಿಯರ್ ಅಂತ ಮಗನ ಹಟ. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಬ್ಯಾಂಕಿನಲ್ಲಿ ವರ್ಷ ಎರಡು ವರ್ಷಕ್ಕೆ ಬ್ರಾಂಚ್ ಬದಲಾಗುವ ಮನುಷ್ಯ ಬಂದ ಅಂದ್ರೆ, ಮ್ಯಾನೇಜರ್ ಮೊದಲೇ ಹಣೆ ಚಚ್ಚಿಕೊಳ್ತಿದ್ದರು. ಪ್ರೊ ಕಬಡ್ಡಿಯಲ್ಲೂ ತಂಡ ಬದಲಾಗುತ್ತೆ ನಿಜ, ಆದರೆ ಅಲ್ಲಿ ಹರಾಜು ಇದೆ. ಇಲ್ಲಿ ಅದೂ ಇಲ್ಲವಂತೆ. ಅವನ ಅಂಕಿಅಂಶ ತೆಗೆದು ನೋಡಿದೆ, ಕಣ್ಣು ಕುಕ್ಕುವಂಥದ್ದೇನಿಲ್ಲ. ಈ ಆಟ ತಿಳಿದವರು ಇಲ್ಲಿ ಯಾರಾದರೂ ಇದ್ದೀರಾ?

ಘಾಟಕೋಪರ್ ಗಿರಾಕಿ:

ಸಾರ್, ಮಗನ ಹತ್ತಿರ ವಾದ ಗೆದ್ದು ಏನು ಮಾಡ್ತೀರಿ? ನಿಮ್ಮ ಮೊಬೈಲ್ ರೀಚಾರ್ಜ್ ಮಾಡಿಸುವವನು ಅವನೇ ಅಲ್ವಾ. ಇರಲಿ, ನಾನು ನಿಮ್ಮ ಪಾರ್ಟಿ. ಆರು ತಂಡ ಅಂದ್ರೆ ಆರು ಕಡೆ ಕೈಬಿಟ್ಟರು ಅಂತಲೇ ಲೆಕ್ಕ.

ಹಿಂಜವಡಿ ರಾತ್ರಿಪಾಳಿ:

ಗಿರಾಕಿಯವರೇ, ಎಲ್ಲ ಕಡೆ ಕೈಬಿಟ್ಟದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಾಲ್ಕು ವರ್ಷದ ಕರಾರು ಮುಗಿಯಿತು. 2013ರಲ್ಲಿ ಇಂಡಿಯಾನಾಪೊಲಿಸ್‌ನವರು ಜಾಸ್ತಿ ದುಡ್ಡು ಕೊಟ್ಟು ಕರೆದುಕೊಂಡರು.

ಕಾಕಾ, ನಾನು ಧಾರವಾಡದವಳು, ಪುಣೆಯಲ್ಲಿ ಕೆಲಸ. ಕೆಲಸ ಅಂದ್ರೆ ಇದೇ ಆಟದ ವಿಡಿಯೋ ನೋಡಿ ಟ್ಯಾಗ್ ಮಾಡುವುದು. ಪ್ರತಿ ಪ್ಲೇನಲ್ಲಿ, ಅಂದ್ರೆ ಒಂದೊಂದು ಸಲ ಚೆಂಡು ಆಡಿದಾಗ, ಯಾರು ಎಲ್ಲಿ ನಿಂತಿದ್ದರು, ಯಾರು ಯಾರನ್ನು ತಡೆದರು, ಎಲ್ಲ ತುಂಬಬೇಕು. ಕ್ರಿಕೆಟ್ ಟ್ಯಾಗ್ ಮಾಡುವವರು ಪಕ್ಕದ ಸಾಲಿನಲ್ಲಿ ಆರಾಮಾಗಿ ಕೂತಿರುತ್ತಾರೆ, ಅವರಿಗೆ ನಮ್ಮನ್ನು ಕಂಡರೆ ಕನಿಕರ. ನಾವು ನೋಡುವುದು ಟಿವಿಯಲ್ಲಿ ಬರುವ ವಿಡಿಯೋ ಅಲ್ಲ. ಮೇಲಿನಿಂದ ತೆಗೆದದ್ದು, 22 ಜನರೂ ಕಾಣುತ್ತಾರೆ. ಎಂಡ್ ಝೋನ್, ಅಂದ್ರೆ ಮೈದಾನದ ತುದಿಯ ಹಿಂದಿನಿಂದ ತೆಗೆದದ್ದು ಇನ್ನೊಂದು ಇರುತ್ತೆ. ಲೈನ್‌ಮನ್ ಏನು ಮಾಡ್ತಾನೆ ಅಂತ ಸರಿಯಾಗಿ ತಿಳಿಯುವುದು ಅದರಲ್ಲೇ.

ಒಂದು ಪ್ಲೇ ಹೇಳ್ತೀನಿ ಕೇಳಿ. ಚೆಂಡು ತಮ್ಮಲ್ಲೇ ಉಳಿಸಿಕೊಳ್ಳಲು ಎದುರಾಳಿಗೆ ಇನ್ನೊಂದೇ ಗಜ ಬೇಕು. ನೋಸ್ ಟ್ಯಾಕಲ್, ಅಂದ್ರೆ ತಡೆಯುವ ಸಾಲಿನ ನಡುವಿನವನು, ಎದುರಾಳಿಯ ಚೆಂಡು ಹಿಂದಕ್ಕೆ ಕೊಡುವ ಸೆಂಟರ್‌ನ ಎದುರಿಗೇ ಬಗ್ಗಿ, ಒಂದು ಕೈ ಹುಲ್ಲಿಗೆ ಊರಿ ಕಾಯುತ್ತಾನೆ. ಚೆಂಡು ಅಲುಗಿದ್ದೇ ತಡ, ಸೆಂಟರ್ ಮತ್ತು ಪಕ್ಕದ ಗಾರ್ಡ್ ಇಬ್ಬರೂ ಇವನ ಮೇಲೆ ಬೀಳುತ್ತಾರೆ. ತಲಾ 140 ಕಿಲೋದ ಆಸುಪಾಸಿನ ಆಸಾಮಿಗಳು. ಇವನು ಹಿಂದೆ ಸರಿಯುವುದಿಲ್ಲ. ಒಂದು ಮೊಣಕಾಲು ಮಡಚಿ ಅಲ್ಲೇ ಕುಸಿದು, ಇಬ್ಬರನ್ನೂ ಮೈಮೇಲೆ ಕೆಡವಿಕೊಂಡು ದಾರಿ ಮುಚ್ಚಿಬಿಡುತ್ತಾನೆ. ಆಗ ಹಿಂದೆ ನಿಂತ ಲೈನ್‌ಬ್ಯಾಕರ್‌ಗೆ ಅಡ್ಡ ಬರುವವರೇ ಇಲ್ಲ. ಅವನು ನುಗ್ಗಿ ಬಂದು ಚೆಂಡು ಹಿಡಿದವನನ್ನು ಕೆಡವುತ್ತಾನೆ. ಕೆಡವಿದ್ದು, ಅಂದ್ರೆ ಟ್ಯಾಕಲ್, ಲೈನ್‌ಬ್ಯಾಕರ್ ಲೆಕ್ಕಕ್ಕೆ ಹೋಗುತ್ತೆ. ಕೆಳಗೆ ಬಿದ್ದವನ ಕಾಲಂ ಖಾಲಿ. ನೀವು ತೆಗೆದು ನೋಡಿದ್ದು ಆ ಕಾಲಂ.

ಈ ಕೆಲಸವನ್ನು ಪಂದ್ಯ ಪೂರ್ತಿ ಒಬ್ಬನೇ ಮಾಡಲು ಆಗಲ್ಲ, ಉಸಿರು ಉಳಿಯಲ್ಲ. ಅದಕ್ಕೇ ಲೈನ್‌ನಲ್ಲಿ ಜನ ಒಳಗೆ ಹೊರಗೆ ಓಡಾಡುತ್ತಲೇ ಇರುತ್ತಾರೆ. ದೊಡ್ಡ ಹೆಸರಿನವರ ಹಿಂದೆ ನಂಬಿಕೆಯ ಇನ್ನೂ ಕೆಲವರು ಎಲ್ಲ ತಂಡಕ್ಕೂ ಬೇಕು. ಸೀಸನ್ ಮಧ್ಯೆ ಒಬ್ಬನ ಮೊಣಕಾಲು ಹೋದರೆ, ಬುಧವಾರ ಬಂದು ಪಾಠ ಕಲಿತು ಭಾನುವಾರ ನಿಲ್ಲುವವನು ಬೇಕು. ಹೊಸ ಹುಡುಗನಿಂದ ಅದು ಆಗಲ್ಲ. 2017ರಲ್ಲಿ ಗ್ರೀನ್ ಬೇ ಕೈಬಿಟ್ಟ ರಿಕಿಯನ್ನು ನ್ಯೂ ಇಂಗ್ಲೆಂಡ್ ತೆಗೆದುಕೊಂಡದ್ದು ಸೀಸನ್ ಅರ್ಧ ಮುಗಿದಮೇಲೆ.

ಇನ್ನು ಲೆಕ್ಕ. ನೀವು ಬ್ಯಾಂಕಿನವರು, ಬೇಗ ಹೊಳೆಯುತ್ತೆ. ಬೇಸಿಗೆಯಲ್ಲಿ ಪ್ರತಿ ತಂಡದಲ್ಲಿ 90 ಜನ. ಸೀಸನ್ ಶುರುವಾಗುವ ಮೊದಲು ಅದು 53ಕ್ಕೆ ಇಳಿಯಬೇಕು. 32 ತಂಡ. ಅಂದ್ರೆ ಸಾವಿರಕ್ಕೂ ಜಾಸ್ತಿ ಜನ ಪಟ್ಟಿಯಿಂದ ಹೊರಗೆ. ಅನುಭವ ಕಡಿಮೆ ಇದ್ದವರು ವೇವರ್‌ಗೆ ಹೋಗುತ್ತಾರೆ. ಯಾವ ತಂಡ ಬೇಕಾದರೂ ಎತ್ತಿಕೊಳ್ಳಬಹುದು, ಪಟ್ಟಿಯಲ್ಲಿ ಕೆಳಗಿದ್ದ ಸೋತ ತಂಡಕ್ಕೆ ಮೊದಲ ಸರದಿ, ಆಟಗಾರನನ್ನು ಯಾರೂ ಕೇಳಲ್ಲ. ನಾಲ್ಕು ಸೀಸನ್ ದಾಟಿದವನು ಮೊದಲ ಪಂದ್ಯದ ದಿನ ಪಟ್ಟಿಯಲ್ಲಿದ್ದರೆ ಆ ವರ್ಷದ ಸಂಬಳ ಬಹುಮಟ್ಟಿಗೆ ಗ್ಯಾರಂಟಿ. ಹೀಗಾಗಿ ಕೆಲವು ತಂಡಗಳು ಮೊದಲ ವಾರ ಕಳೆಯಲಿ ಅಂತ ಸುಮ್ನೆ ಕಾಯುತ್ತವೆ. ಕನಿಷ್ಠ ಸಂಬಳವೂ ಅನುಭವದ ಜೊತೆ ಏರುತ್ತೆ. 2025ರಲ್ಲಿ ಹೊಸಬನಿಗೆ 8,40,000 ಡಾಲರ್, ಏಳು ವರ್ಷ ದಾಟಿದವನಿಗೆ 12,55,000. ಒಂದೇ ಕುರ್ಚಿಗೆ ಇಬ್ಬರಿದ್ದರೆ ಯಾರನ್ನು ಕಳಿಸ್ತೀರಿ ಹೇಳಿ. ಇದರ ನಡುವೆ ರಿಕಿ ಹತ್ತು ಸೀಸನ್ ಲೀಗ್‌ನಿಂದ ಹೊರಗೆ ಬೀಳದೆ ಆಡಿದ. ತಂಡ ಎಷ್ಟು ಅಂತ ಎಣಿಸಬೇಡಿ ಕಾಕಾ, ವರ್ಷ ಎಷ್ಟು ಅಂತ ಎಣಿಸಿ.

ಬ್ಯಾಂಕ್ ಕಾಕಾ, ಡೊಂಬಿವಿಲಿ:

ನೋಡಮ್ಮಾ, ಸೀನಿಯರ್ ಆದ ಅಂತ ಮನೆಗೆ ಕಳಿಸಿದ್ದರೆ ನಮ್ಮಲ್ಲಿ ಯೂನಿಯನ್‌ನವರು ಬ್ಯಾಂಕ್ ಬಾಗಿಲಲ್ಲೇ ಕೂರುತ್ತಿದ್ದರು. ಈ ಹುಡುಗರಿಗೆ ಯೂನಿಯನ್ ಇಲ್ವಾ? ಪೆನ್ಷನ್ ಏನು ಕತೆ?

ಹಿಂಜವಡಿ ರಾತ್ರಿಪಾಳಿ:

ಯೂನಿಯನ್ ಇದೆ ಕಾಕಾ. ಆ ಕನಿಷ್ಠ ಸಂಬಳ ಅವರೇ ಕೂತು ಮಾತಾಡಿ ಮಾಡಿಸಿದ್ದು. ಪೆನ್ಷನ್‌ಗೆ ಮೂರು ಸೀಸನ್ ಜಮಾ ಆಗಬೇಕು. ಒಂದು ಸೀಸನ್ ಜಮಾ ಆಗಲು ಮೂರು ಪಂದ್ಯ ಪೂರ್ತಿ ಸಂಬಳದ ಮೇಲೆ ಇರಬೇಕು. ಪಟ್ಟಿಯ ಕೊನೆಯಲ್ಲಿರುವ ಹುಡುಗರಿಗೆ ಆ ಮೂರು ಪಂದ್ಯವೇ ದೊಡ್ಡ ಮಾತು. ಜಾಗ ಸಿಗದವರಲ್ಲಿ ತಂಡಕ್ಕೆ 16 ಜನರಂತೆ ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ ಇಟ್ಟುಕೊಳ್ತಾರೆ. ವಾರವಿಡೀ ಮುಖ್ಯ ಆಟಗಾರರ ಎದುರು ನಿಂತು ಗುದ್ದಿಸಿಕೊಳ್ಳುವ ಕೆಲಸ, ವಾರದ ಲೆಕ್ಕದಲ್ಲಿ ಪಗಾರ. ಇವರ ಹೆಸರು ನನ್ನ ಶೀಟಿನಲ್ಲಿ ಒಂದು ವಾರ ಬರುತ್ತೆ, ಇನ್ನೊಂದು ವಾರ ಇರಲ್ಲ. ಆಮೇಲೆ ಬೇರೆ ತಂಡದ ಶೀಟಿನಲ್ಲಿ, ಬೇರೆ ಜೆರ್ಸಿ ನಂಬರ್‌ನಲ್ಲಿ ಸಿಗುತ್ತಾರೆ. ನಂಬರ್ ಬದಲಾದರೆ ಬೈದುಕೊಳ್ಳುವುದು ನಾವು.

ಘಾಟಕೋಪರ್ ಗಿರಾಕಿ:

ಈಗ ತೆಗೆದು ನೋಡಿದೆ. ರಿಕಿಯ ತಂಡ ಎರಡು ಸಲ ಸೂಪರ್ ಬೌಲ್‌ಗೆ, ಅಂದ್ರೆ ಲೀಗ್‌ನ ಫೈನಲ್‌ಗೆ, ಹೋಗಿ ಎರಡೂ ಸೋತಿದೆ. ನಮ್ಮವನೇ!

ಹಿಂಜವಡಿ ರಾತ್ರಿಪಾಳಿ:

ಹೌದು. 2013ರಲ್ಲಿ ಬಾಲ್ಟಿಮೋರ್ ಎದುರು 34-31, 2018ರಲ್ಲಿ ಫಿಲಡೆಲ್ಫಿಯಾ ಎದುರು 41-33. ಮೊದಲನೆಯದು ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ, ಮಧ್ಯೆ ಅರ್ಧ ಗಂಟೆ ಕರೆಂಟ್ ಹೋಗಿತ್ತಲ್ಲ, ಅದೇ ಪಂದ್ಯ. ಅದೇ ಸ್ಟೇಡಿಯಂನಲ್ಲಿ 2008ರ ಜನವರಿಯಲ್ಲಿ ರಿಕಿ ಕಾಲೇಜು ಫೈನಲ್ ಆಡಿ ಗೆದ್ದಿದ್ದ. ಲೂಯಿಸಿಯಾನಾ ಸ್ಟೇಟ್ ಪರ ಆಡಿ, ಡಿಫೆನ್ಸ್‌ನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ. ಇಷ್ಟಾದರೂ 2009ರ ಡ್ರಾಫ್ಟ್‌ನಲ್ಲಿ, ಅಂದ್ರೆ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸುವಾಗ, ಅವನ ಹೆಸರು ಬಂದದ್ದು ಕೊನೆಯ ಸುತ್ತಿನಲ್ಲಿ, 244ನೆಯದಾಗಿ. ಆ ಸುತ್ತಿನವರಿಗೆ ಪಟ್ಟಿ 53ಕ್ಕೆ ಇಳಿಯುವ ಆಗಸ್ಟ್ ದಾಟುವುದೇ ಕಷ್ಟ.

ಬ್ಯಾಂಕ್ ಕಾಕಾ, ಡೊಂಬಿವಿಲಿ:

ಖಾಲಿ ಕಾಲಂ ಮಾತು ಪೂರ್ತಿ ಒಪ್ಪಿದೆ. ಆರು ತಂಡದ ಮಾತು ಅರ್ಧ. ಮಗನಿಗೆ ಮಾತ್ರ ಇದನ್ನು ತೋರಿಸಲ್ಲ. ಅಂದಹಾಗೆ ಪಂದ್ಯ ನಮಗೆ ಎಷ್ಟು ಗಂಟೆಗೆ?

ಹಿಂಜವಡಿ ರಾತ್ರಿಪಾಳಿ:

ಸೆಪ್ಟೆಂಬರ್‌ನಲ್ಲಿ ಶುರು. ಭಾನುವಾರ ರಾತ್ರಿ ಹತ್ತೂವರೆಗೆ ಮೊದಲ ಕಂತು. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ಹನ್ನೊಂದೂವರೆ. ಒಂದು ಪಂದ್ಯಕ್ಕೆ ಮೂರು ಗಂಟೆ ಮೇಲೆ ಹಿಡಿಯುತ್ತೆ, ಕಾಕೂನ ಕೇಳಿಯೇ ಟಿವಿ ಹಚ್ಚಿ.