ಸಹಾಯ ಬೇಕು: ಬಾಯಿ ಕ್ಯಾನ್ಸರ್ ಆಪರೇಷನ್ ಆದಮ್ಯಾಗ ಅಪ್ಪನ ಬಾಯಿ ತೆರಿಯವಲ್ದು

ಎಲ್ಲಾರಿಗೂ ನಮಸ್ಕಾರ್ರೀ. ನಾವು ರಾಯಚೂರು ಜಿಲ್ಲೆ ಸಿಂಧನೂರು ಕಡೆಯವರು. ಗುಟ್ಕಾ ಚಟದಿಂದ ಅಪ್ಪಗ ಬಲಗಲ್ಲದಾಗ ಕ್ಯಾನ್ಸರ್ ಆಗಿತ್ತು. ಎಂಟು ತಿಂಗಳ ಹಿಂದ ಆಪರೇಷನ್ ಮಾಡಿ, ಎದಿಯಿಂದ ಚರ್ಮ-ಮಾಂಸ ತಗದು ಗಲ್ಲಕ್ಕ ಕೂಡಿಸ್ಯಾರ. ಆಮ್ಯಾಲೆ 30 ಸಲ ರೇಡಿಯೇಷನ್. ಗಂಟು ಹೋಗೇತಿ ಅಂತಾರ ಡಾಕ್ಟ್ರು, ಅದು ದೊಡ್ಡ ಮಾತೇ.

ಆದ್ರ ಬಾಯಾಗ ಒಂದು ಬೆರಳು ಹೋಗೋದೂ ಕಷ್ಟ. ರೊಟ್ಟಿ ಹಾಲಿನಾಗ ನೆನಸಿ ಮಿಕ್ಸಿಗೆ ಹಾಕಿ ಕೊಡ್ತೀವಿ, ಅದೂ ತುಟಿ ಮೂಲಿಯಿಂದ ಸೋರತೈತಿ. ಮಂದಿ ನಡುವ ಕುಂತು ಉಣ್ಣೋದು ಬಿಟ್ಟಾರ. ಮೊನ್ನೆ ಮದಿವ್ಯಾಗ ಪಂಕ್ತಿ ಕೂಡೋ ಹೊತ್ತಿಗೆ ಎದ್ದು ಹೋಗಿ, ಬಾಯಿಗೆ ಟವಲ್ ಹಿಡಕೊಂಡು ಟ್ರ್ಯಾಕ್ಟರ್ ಮ್ಯಾಗ ಕುಂತಿದ್ರು.

ಐಸ್‌ಕ್ರೀಂ ಕಡ್ಡಿ ಒಂದರ ಮ್ಯಾಲೊಂದು ಜೋಡಿಸಿ ಹಲ್ಲಿನ ನಡುವ ಇಟ್ಟು, ಬಾಯಿ ತೆರಿಯೋ ವ್ಯಾಯಾಮ ದಿನಾ ಮೂರು ಸಲ ಮಾಡಿಸ್ತೀವಿ. ಎಂಟು ಕಡ್ಡಿಗೆ ನಿಂತೇತಿ. ಒಂಬತ್ತನೇದು ತುರುಕಿದ್ರ ರಕ್ತ. ಒಬ್ರು ನೋವಾದ್ರೂ ಬಿಡಬ್ಯಾಡ್ರಿ ಅಂತಾರ, ಇನ್ನೊಬ್ರು ರೇಡಿಯೇಷನ್ ಆದ ದವಡಿ, ಜೋರು ಮಾಡಬ್ಯಾಡ್ರಿ ಅಂತಾರ. ಯಾರ ಮಾತು ಹಿಡೀಬೇಕೋ ತಿಳಿವಲ್ದು.

ಮನ್ಯಾಗ ಇದನ್ನ ಅನುಭವಿಸಿದವರು ಇದ್ರ ಹೇಳ್ರಿ: ಇಲ್ಲಿಂದ ಮುಂದಕ್ಕ ಹೆಂಗ ಹೋದ್ರಿ, ಎಷ್ಟು ತಿಂಗಳು ಹಿಡೀತು? ನುಂಗೋದು, ಮಾತಾಡೋದು ಕಲಿಸೋ ಥೆರಪಿಸ್ಟ್ ರಾಯಚೂರಾಗ ಇಲ್ಲಾ ಬಳ್ಳಾರ್ಯಾಗ ಸಿಗತಾರೇನ್ರಿ?