ಕಥೆ ಹೇಳೋ ಟ್ರಸ್ಟ್‌ನ ಜವಾಬ್ದಾರಿ ನನ್ನ ಮೇಲೆ ಬಂದಿದೆ, ಮೊದಲು ಯಾವುದನ್ನ ಹಿಡೀಲಿ?

ತುಂಗೆದಡ

ಎಲ್ರಿಗೂ ನಮಸ್ಕಾರ. ಶಿವಮೊಗ್ಗ ಕಡೆ ನಮ್ದೊಂದು ಚಿಕ್ಕ ಟ್ರಸ್ಟ್ ಇದೆ, ಕಥೆ ಹೇಳೋದೇ ಅದರ ಕೆಲಸ. ಸರ್ಕಾರಿ ಶಾಲೆ, ಪಂಚಾಯ್ತಿ ಲೈಬ್ರರಿ (ಈಗ ಅರಿವು ಕೇಂದ್ರ ಅಂತ ಬೋರ್ಡ್ ಹಾಕಿದಾರಲ್ಲ ಅದು), ಒಂದು ವೃದ್ಧಾಶ್ರಮ, ಇಷ್ಟು ಕಡೆ ವಾರವಾರ ನಮ್ಮೋರು ಹೋಗಿ ಕಥೆ ಹೇಳಿ ಬರ್ತಾರೆ. ಕಟ್ಟಿದ್ದು ಒಬ್ಬ ರಿಟೈರ್ಡ್ ಮೇಷ್ಟ್ರು. ಈಗ ಅವರಿಗೆ ಓಡಾಡಕ್ಕೆ ಆಗ್ತಿಲ್ಲ, ಇನ್ಮೇಲೆ ನೀನೇ ನೋಡ್ಕೋಬೇಕಮ್ಮ ಅಂತ ನನ್ನನ್ನ ಮ್ಯಾನೇಜಿಂಗ್ ಟ್ರಸ್ಟಿ ಮಾಡಿದ್ರು. ನಾನು ಬ್ಯಾಂಕಲ್ಲಿ ಇದ್ದೋಳು, ಲೆಕ್ಕ ಬರುತ್ತೆ, ಕಥೆನೂ ಹೇಳ್ತೀನಿ, ಆದ್ರೆ ಒಂದು ಕಲಾ ಸಂಸ್ಥೆ ನಡೆಸೋದು ಬೇರೆ ವಿಷಯ ಅಂತ ದಿನಾ ಗೊತ್ತಾಗ್ತಿದೆ.

ಕಥೆ ಹೇಳೋರಿಗೆ ನಾವು ಬಸ್ ಚಾರ್ಜ್ ಬಿಟ್ರೆ ಏನೂ ಕೊಡಲ್ಲ. ಮೇಷ್ಟ್ರ ಕಾಲದಿಂದ ಸೇವೆ ಅಂತ್ಲೇ ನಡೆದು ಬಂದಿದ್ದು. ಆದ್ರೆ ಈಗ ಚೆನ್ನಾಗಿ ಹೇಳೋ ಹುಡುಗ ಹುಡುಗೀರು ಕೆಲಸ ಸಿಕ್ತು ಅಂತ ಬೆಂಗಳೂರಿಗೆ ಹೋಗಿಬಿಡ್ತಾರೆ, ಇಲ್ಲೇ ಇರೋರಿಗೂ ಮನೇಲಿ ಬೈಸ್ಕೊಂಡು ಬರೋ ಪರಿಸ್ಥಿತಿ. ಇನ್ನೊಂದು ಕಡೆ ಟ್ರಸ್ಟಿಗಳಲ್ಲಿ ಇಬ್ಬರಿಗೆ ಮಾರ್ಚ್ 20ರ ವಿಶ್ವ ಕಥೆ ಹೇಳುವ ದಿನಕ್ಕೆ ಊರಲ್ಲಿ ದೊಡ್ಡ ಕಥಾ ಉತ್ಸವ ಮಾಡ್ಬೇಕು, ಹೊರಗಿನ ಹೆಸರಾಂತ ಕಲಾವಿದರನ್ನ ಕರೆಸ್ಬೇಕು ಅಂತ ಆಸೆ. ಅವರು ಹೇಳೋದ್ರಲ್ಲೂ ಅರ್ಥ ಇದೆ, ನಾಲ್ಕು ಜನಕ್ಕೆ ಗೊತ್ತಾದ್ರೆ ತಾನೇ ದುಡ್ಡು ಬರೋದು ಅಂತಾರೆ. ಅದರ ಜೊತೆಗೆ ಅಮೆರಿಕದ ಒಂದು ಕನ್ನಡ ಕೂಟದವರು ಸಹಾಯ ಮಾಡ್ತೀವಿ, ಅಕೌಂಟ್ ನಂಬರ್ ಕಳ್ಸಿ ಅಂದಿದ್ದಾರೆ, ಇನ್ನೂ ಕಳ್ಸಿಲ್ಲ.

ಮೇಷ್ಟ್ರಿಗೆ ಬೇಜಾರಾಗದ ಹಾಗೆ ಇದನ್ನೆಲ್ಲ ಹೇಗೆ ಬದಲಾಯಿಸೋದು, ಮೊದಲು ಯಾವುದಕ್ಕೆ ಕೈ ಹಾಕೋದು? ಇಂಥ ಸಂಸ್ಥೆ ನಡೆಸಿರೋರು, ಇಂಥ ಸಂಸ್ಥೇಲಿ ಕಥೆ ಹೇಳಿರೋರು ದಯವಿಟ್ಟು ಬರೀರಿ.

---

ಲೆಕ್ಕದ ಮೇಷ್ಟ್ರು

ಮೇಡಂ, ಮೊದಲು ಅಮೆರಿಕದ ವಿಷಯ. ನಿಮಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲ ಅನ್ಕೊಂಡಿದೀನಿ. ಇಲ್ಲ ಅಂದ್ರೆ ಆ ಕೂಟದಿಂದ ಒಂದು ಡಾಲರೂ ತಗೋಬೇಡಿ, ಅಕೌಂಟ್ ನಂಬರ್ ಕಳಿಸದೇ ಇದ್ದಿದ್ದು ಒಳ್ಳೇದಾಯ್ತು. ಅಲ್ಲಿ ನೋಂದಾಯಿಸಿರೋ ಕೂಟ ಅಂದ್ರೆ ಅದು ವಿದೇಶಿ ಮೂಲ, ಅವರೆಲ್ಲ ನಮ್ಮೂರೋರೇ ಆಗಿದ್ರೂ ಅಷ್ಟೇ. ಅದೇ ಕೂಟದಲ್ಲಿರೋ ಒಬ್ಬರು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಕೊಂಡಿದ್ದು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡು ಒಸಿಐ ಕಾರ್ಡ್ ಇರೋರು ಕಳಿಸಿದ್ರೆ ಮಾತ್ರ ವಿದೇಶಿ ದೇಣಿಗೆ ಆಗುತ್ತೆ. ಹಂಗಾಗಿ ದುಡ್ಡು ಬರೋಕೆ ಮುಂಚೆ ಪಾಸ್‌ಪೋರ್ಟ್ ಕಾಪಿ ಕೇಳಿ, ಸಂಕೋಚ ಪಡಬೇಡಿ, ಗೊತ್ತಿರೋರು ಯಾರೂ ತಪ್ಪು ತಿಳಿಯಲ್ಲ. ನೋಂದಣಿ ಮಾಡಿಸ್ಬೇಕು ಅಂದ್ರೆ ಮೂರು ವರ್ಷ ಹಳೇ ಸಂಸ್ಥೆ ಆಗಿರ್ಬೇಕು, ಹಿಂದಿನ ಮೂರು ಹಣಕಾಸು ವರ್ಷದಲ್ಲಿ ಮುಖ್ಯ ಚಟುವಟಿಕೆಗೆ 15 ಲಕ್ಷ ಖರ್ಚಾಗಿರ್ಬೇಕು, ಆಮೇಲೆ ಹಣ ಬರೋದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ ಮಾತ್ರ. ನಿಮ್ಮಂಥ ಚಿಕ್ಕ ಟ್ರಸ್ಟ್‌ಗೆ ಸದ್ಯಕ್ಕೆ ಅದರ ಹಿಂದೆ ಬೀಳೋದು ಬೇಡ ಅಂತ ನನ್ನ ಅಭಿಪ್ರಾಯ.

ಊರಿನ ದುಡ್ಡಿಗೆ 12ಎಬಿ (ಟ್ರಸ್ಟ್ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸೋ ನೋಂದಣಿ), 80ಜಿ (ದಾನಿಗೆ ತೆರಿಗೆ ರಿಯಾಯಿತಿ ಕೊಡಿಸೋದು) ಎರಡೂ ಚಾಲ್ತಿಯಲ್ಲಿ ಇದೆಯಾ ನೋಡಿ. ಹಳೇ ಸರ್ಟಿಫಿಕೇಟನ್ನ ಫ್ರೇಮ್ ಹಾಕಿ ಗೋಡೆಗೆ ತಗುಲಾಕಿ ಮರುನೋಂದಣಿ ಮಾಡಿಸದೇ ಬಿಟ್ಟ ಸಂಸ್ಥೆಗಳು ಬಹಳ ಇವೆ. 80ಜಿ ರಸೀದಿಗೆ 2000 ರೂಪಾಯಿಗಿಂತ ಜಾಸ್ತಿ ನಗದು ನಡೆಯಲ್ಲ, ಯುಪಿಐ ಇಲ್ಲಾ ಚೆಕ್ಕಲ್ಲಿ ತಗೊಳ್ಳಿ. ವರ್ಷದ ದೇಣಿಗೆ ಪಟ್ಟಿ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಫೈಲ್ ಆಗ್ಬೇಕು, ಇಲ್ಲ ಅಂದ್ರೆ ದಾನಿಗೆ ಸರ್ಟಿಫಿಕೇಟ್ ಸಿಗಲ್ಲ, ಮುಂದಿನ ವರ್ಷ ಅವರು ಕೊಡಲ್ಲ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ ಅಂತ ಕಂಪನಿಗಳು ಕೊಡೋ ದುಡ್ಡು) ಬಗ್ಗೆನೂ ಹೇಳ್ಬಿಡ್ತೀನಿ. ಆ ದುಡ್ಡು ಯಾವುದಕ್ಕೆ ಕೊಡಬಹುದು ಅನ್ನೋ ಪಟ್ಟಿಯಲ್ಲಿ ಶಿಕ್ಷಣನೂ ಇದೆ, ಕಲೆ ಸಂಸ್ಕೃತಿ ರಕ್ಷಣೆನೂ ಇದೆ, ಅದ್ರಿಂದ ನೀವು ಎರಡು ಬಾಗ್ಲಲ್ಲೂ ಹೋಗ್ಬಹುದು. ಸಿಎಸ್‌ಆರ್-1 (ಈ ದುಡ್ಡು ಪಡೆಯೋ ಸಂಸ್ಥೆಗಳು ತುಂಬೋ ಫಾರ್ಮ್) ನೋಂದಣಿ ಬೇಕು, ಮೂರು ವರ್ಷದ ಕೆಲಸದ ದಾಖಲೆ ಬೇಕು. ಕಂಪನಿಯೋರು ಆಡಳಿತಕ್ಕೆ 5 ಪರ್ಸೆಂಟ್ ಮೇಲೆ ಕೊಡಲ್ಲ ಅಂದ್ರೆ ಒಪ್ಕೋಬೇಡಿ, ಆ ಮಿತಿ ಇರೋದು ಕಂಪನಿಯ ಸ್ವಂತ ಆಡಳಿತ ಖರ್ಚಿಗೆ, ನಿಮ್ಮ ಯೋಜನೆಗಲ್ಲ. ಕಥೆಗಾರರ ಸಂಭಾವನೆ ಅಂತೂ ಯೋಜನೆಯ ನೇರ ಖರ್ಚು. ಬಜೆಟ್‌ನಲ್ಲಿ ಅದನ್ನೇ ಮೊದಲ ಸಾಲಲ್ಲಿ ಬರೀರಿ.

---

ಧಾರವಾಡದಾಕಿ

ಅಕ್ಕಾರ, ನಾ ಸಂಸ್ಥಾ ನಡ್ಸಾಕಿ ಅಲ್ಲರಿ, ಕಥಿ ಹೇಳಾಕಿ. ಅದಕ್ಕ ಆ ಕಡಿಂದ ಒಂದೆರಡು ಮಾತು ಹೇಳ್ತೇನಿ.

ಒಂದು ಸಾಲಿಗೆ ಹೋಗಿ ನಲವತ್ತು ನಿಮಿಷ ಕಥಿ ಹೇಳೂದಂದ್ರ ಬರೇ ನಲವತ್ತು ನಿಮಿಷ ಅಲ್ಲರಿ, ಅರ್ಧಾ ದಿನ ಹೋಗ್ತದ. ಬಸ್ ಕಾಯಬೇಕು, ಹೆಡ್ ಮಾಸ್ತರ ಮೀಟಿಂಗಿಗೆ ಹೋಗಿದ್ರ ಕುಂದ್ರಬೇಕು, ಎರಡು ಕ್ಲಾಸ್ ಕೂಡಿಸಿ ನೂರು ಹುಡುಗರನ್ನ ವರಾಂಡಾದಾಗ ಕುಂದರಿಸಿರ್ತಾರ, ದನಿ ಬಿದ್ದು ಹೋಗ್ತದ. ಅದರ ಹಿಂದಿನ ವಾರ ಆ ಕಥಿ ಮನ್ಯಾಗ ಹತ್ತು ಸಲ ಹೇಳಿ ನೋಡಿರ್ತೇವಿ, ಅದು ಯಾರ ಲೆಕ್ಕದಾಗೂ ಬರೂದಿಲ್ಲ. ನಾ ಹಿಂದ ಒಂದು ಸಂಸ್ಥಾದಾಗ ಇದ್ದೆ, ಹೆಸರು ಬ್ಯಾಡ, ಅಲ್ಲಿ ಬ್ಯಾನರಿಗೆ ರೊಕ್ಕ ಇತ್ತು, ಶಾಲು ಹಾರಕ್ಕ ರೊಕ್ಕ ಇತ್ತು, ಮೈಕಿನಾಂವ ಅಡ್ವಾನ್ಸ್ ಇಲ್ಲದ ಬರ್ತಿದ್ದಿಲ್ಲ, ಕಥಿ ಹೇಳಾವರಿಗೆ ಮಾತ್ರ ಸೇವಾ ಅಂತಿದ್ರು. ಎಲ್ಲಾರೂ ಸೇವಾ ಮಾಡಿದ್ರ ನಮ್ಮದೇನೂ ತಕರಾರು ಇರ್ತಿದ್ದಿಲ್ಲ ನೋಡ್ರಿ.

ಹಂಗಾಗಿ ನನ್ನ ಕೇಳಿದ್ರ ಮೊದಲ ಕೆಲಸ ಇದನ್ನ ಮಾಡ್ರಿ, ಸ್ವಲ್ಪ ಆದ್ರೂ ಅಡ್ಡಿಯಿಲ್ಲ, ಒಂದು ಕಥಿಗೆ ಇಷ್ಟು ಅಂತ ಗೊತ್ತು ಮಾಡ್ರಿ, ಎಲ್ಲಾರಿಗೂ ಒಂದೇ ರೇಟ್, ಮತ್ತ ಹೇಳಿದ ವಾರದಾಗ ಖಾತೆಗೆ ಹಾಕ್ರಿ. ಕವರಿನ್ಯಾಗ ಇಟ್ಟು ಸ್ಟೇಜ್ ಮ್ಯಾಲ ಕೊಡೂದು ಬ್ಯಾಡ. ಊರಾಗ ಉಳಿಯೂ ಹುಡುಗಿ ಮನ್ಯಾಗ "ಇದು ನನ್ನ ಕೆಲಸ" ಅಂತ ಹೇಳಾಕ ಅಷ್ಟು ಸಾಕರಿ. ಇನ್ನ ನಿಮ್ಮ ಕಡೆ ಯಾರರೆ ವಯಸ್ಸಾದ ಜನಪದ ಕಲಾವಿದರು ಬರ್ತಿದ್ರ ಅವರ ಮಾಸಾಶನದ ಅರ್ಜಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಹಾಕಿದಾರಿಲ್ಲ ಕೇಳ್ರಿ, ಭಾಳ ಮಂದಿಗೆ ಅರ್ಜಿ ತುಂಬಾಕ ಬರೂದಿಲ್ಲ, ಕಾರ್ಯಕ್ರಮ ಮಾಡಿದ ದಾಖಲಿ ಯಾರೂ ಇಟ್ಟಿರೂದಿಲ್ಲ. ನಿಮ್ಮ ಲೆಟರ್‌ಹೆಡ್ ಮ್ಯಾಲ ಒಂದು ಪತ್ರ ಕೊಟ್ರ ಅವರಿಗೆ ಭಾಳ ಅನುಕೂಲ ಆಕ್ಕೇತಿ.

---

ಕೊಳ್ಳೇಗಾಲದ ಕಡೆಯವ

ಮೇಲಿನ ಅಕ್ಕ ಹೇಳಿರೋದು ನೂರಕ್ಕೆ ನೂರು ನಿಜ. ನಾನು ಉತ್ಸವದ ಬಗ್ಗೆ ಹೇಳ್ಬೇಕು.

ಉತ್ಸವ ಮಾಡಿ ಬೇಡ ಅನ್ನಲ್ಲ, ಆದ್ರೆ ಯಾರನ್ನ ಹೆಂಗೆ ಕರೆಸ್ತೀರ ಅನ್ನೋದು ಮುಖ್ಯ. ನಮ್ಮ ಕಡೆ ನೀಲಗಾರರು ಮಂಟೇಸ್ವಾಮಿ ಕಥೆ ಹಾಡ್ತಾರೆ, ಕಂಸಾಳೆಯೋರು ಮಾದಪ್ಪನ ಕಥೆ ಹೇಳ್ತಾರೆ, ದೀಕ್ಷೆ ತಗೊಂಡು ಬಂದಿರೋ ಜನ ಅವರು. ರಾತ್ರಿ ಶುರು ಮಾಡಿದ್ರೆ ಬೆಳಗಾಗೋವರೆಗೂ ಹೇಳೋ ಕಥೆ ಅದು. ಅಂಥೋರನ್ನ ಶಿವಮೊಗ್ಗವರೆಗೂ ಕರ್ಕೊಂಡು ಬಂದು ಎಸಿ ಹಾಲಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಸ್ಲಾಟ್ ಕೊಟ್ಟು ಕೆಳಗಿಂದ ಚೀಟಿ ತೋರಿಸಿ ಮುಗಿಸಿ ಮುಗಿಸಿ ಅನ್ನೋದನ್ನ ನಾನು ಕಣ್ಣಾರೆ ನೋಡಿದೀನಿ, ನೋಡಿ ಹೊಟ್ಟೆ ಉರೀತು. ಮೂರು ತಂಡದ ಬದಲು ಒಂದೇ ತಂಡ ಕರೆಸಿ. ಒಂದು ಊರಿನ ಗುಡಿ ಮುಂದೆ ಚಾಪೆ ಹಾಸಿ, ಊಟ ಹಾಕಿ, ಎಷ್ಟೊತ್ತಾಗುತ್ತೋ ಆಗ್ಲಿ ಅಂತ ಬಿಡಿ. ನಿಮ್ಮ ಹುಡುಗ್ರು ಪಕ್ಕದಲ್ಲಿ ಕೂತು ಕೇಳ್ಲಿ, ಉಸಿರು ಎಲ್ಲಿ ತಗೋತಾರೆ, ಜನ ತೂಕಡಿಸ್ದಾಗ ಹೆಂಗೆ ಎಬ್ಬಿಸ್ತಾರೆ, ಸೊಲ್ಲು ಹೇಳೋ ಹಿಮ್ಮೇಳದೋನಿಗೆ ಹೆಂಗೆ ಸನ್ನೆ ಮಾಡ್ತಾರೆ, ಇದನ್ನೆಲ್ಲ ಯಾವ ವರ್ಕ್‌ಶಾಪಲ್ಲೂ ಕಲಿಯಕ್ಕಾಗಲ್ಲ. ಮತ್ತೆ ರೆಕಾರ್ಡ್ ಮಾಡೋ ಹಾಗಿದ್ರೆ ಮೊದಲೇ ಕೇಳಿ, ಯೂಟ್ಯೂಬಿಗೆ ಹಾಕ್ತೀವಿ ಅಂತ ಬಾಯಿಬಿಟ್ಟು ಹೇಳಿ, ಆಮೇಲೆ ಗೊತ್ತಾದ್ರೆ ಅವರು ಮತ್ತೆ ಬರಲ್ಲ.

ಶಾಲೇಲಿ ಹೇಳೋ ಕಥೆಗಳ ಬಗ್ಗೆನೂ ಒಂದು ಮಾತು, ಲೇಖಕರು ತೀರಿಕೊಂಡು 60 ವರ್ಷ ಆಗೋವರೆಗೂ ಕಾಪಿರೈಟ್ ಇರುತ್ತೆ. ಪಂಜೆ ಮಂಗೇಶರಾಯರು 1937ರಲ್ಲಿ ಹೋದ್ರು, ಅವರ ಕಥೆ ಧಾರಾಳವಾಗಿ ಹೇಳಿ. ಮಾಸ್ತಿ ಹೋಗಿದ್ದು 1986ರಲ್ಲಿ, ಅವರ ಕಥೆನ ವಿಡಿಯೋ ಮಾಡಿ ಹಾಕೋ ಮುಂಚೆ ಕುಟುಂಬದೋರ ಅನುಮತಿ ಕೇಳ್ಬೇಕು. ಅಜ್ಜಿಯೋರಿಂದ ಕೇಳಿ ಬರ್ಕೊಂಡ ಕಥೆಗೆ ಯಾವೂರು, ಯಾರು ಹೇಳಿದ್ದು ಅಂತ ಒಂದು ರಿಜಿಸ್ಟರಲ್ಲಿ ಬರೆದಿಡಿ, ಹೇಳೋವಾಗ್ಲೂ ಆ ಅಜ್ಜಿ ಹೆಸರು ಹೇಳಿ.

---

ಕರಾವಳಿ ಗಾಳಿ

ದುಡ್ಡಿನ ಬಗ್ಗೆ ನಂದೊಂದು ಐಡಿಯಾ ಉಂಟು ಮಾರಾಯ್ರೆ. ನಮ್ಮಲ್ಲಿ ಕಟೀಲು ಮೇಳ, ಮಂದಾರ್ತಿ ಮೇಳದ ಹರಕೆ ಆಟ (ಯಕ್ಷಗಾನ) ಅಂತ ಇದೆ ಅಲ್ವಾ, ಒಂದು ಮನೆಯವರು ಹರಕೆ ಹೇಳಿ ಆಟ ಆಡಿಸ್ತಾರೆ, ಖರ್ಚು ಅವರದ್ದು, ನೋಡ್ಲಿಕ್ಕೆ ಇಡೀ ಊರಿಗೆ ಫ್ರೀ. ಅಲ್ಲಿ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯ್ತಾರೆ. ದೀಪಾವಳಿ ಕಳೆದ ಮೇಲೆ ಹೊರಟ ಮೇಳ ಮೇ ತಿಂಗಳ ಪತ್ತನಾಜೆವರೆಗೆ (ಮೇಳದ ಸೀಸನ್ ಮುಗಿಯುವ ದಿನ) ಊರೂರು ತಿರುಗಾಟ ಮಾಡ್ತದೆ, ಕಲಾವಿದರಿಗೆ ಅಷ್ಟು ತಿಂಗಳು ಸಂಬಳ ಗ್ಯಾರಂಟಿ. ಟಿಕೆಟ್ ಇಲ್ಲ, ಗ್ರ್ಯಾಂಟಿಗೆ ಕಾಯುವುದೂ ಇಲ್ಲ.

ದೇವರ ಮೇಳದ ಭಕ್ತಿ ನಿಮ್ಮ ಟ್ರಸ್ಟಿಗೆ ಬರ್ಲಿಕ್ಕಿಲ್ಲ, ಅದು ಸರಿ. ಆದ್ರೆ ಮಗುವಿನ ಹುಟ್ಟುಹಬ್ಬಕ್ಕೆ, ತೀರಿಹೋದ ತಂದೆಯ ನೆನಪಿಗೆ, ತಾನು ಕಲಿತ ಶಾಲೆಗೆ ಅಂತ ಒಂದು ಕಥೆಯ ಖರ್ಚು ಕೊಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಒಂದು ಶಾಲೆಗೆ ಒಂದು ವರ್ಷ ಕಥೆ ಹೇಳ್ಲಿಕ್ಕೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ ಒಂದು ಚೀಟಿಯಲ್ಲಿ ಬರೆದು ಆ ಶಾಲೆಯ ಹಳೇ ವಿದ್ಯಾರ್ಥಿಗಳಿಗೆ ಕೊಡಿ. ಹಾಲಿನ ಡೈರಿ, ಸಹಕಾರಿ ಸಂಘ, ಅಡಿಕೆ ಮಂಡಿಯವರು ಕೂಡ ಸಣ್ಣ ಮೊತ್ತ ಆದ್ರೆ ಬೇಗ ಕೊಡ್ತಾರೆ. ಉತ್ಸವಕ್ಕೆ ಕೇಳಿದ್ರೆ ಫೋಟೋ ಬೇಕು, ಗೆಸ್ಟ್ ಬೇಕು ಅಂತ ಶುರು ಮಾಡ್ತಾರೆ.

ಮೇಷ್ಟ್ರ ವಿಷಯಕ್ಕೆ ಬಂದ್ರೆ, ಕಟ್ಟಿದವರ ನಂತರ ನಡೆಯುವ ಸಂಸ್ಥೆಗಳು ನಮ್ಮ ಸುತ್ತಮುತ್ತಲೇ ಇವೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳ ಶಂಭು ಹೆಗಡೆ, ಆಮೇಲೆ ಶಿವಾನಂದ ಹೆಗಡೆ ಅಂತ ಮುಂದುವರಿತು. ನಿಮ್ಮದೇ ಜಿಲ್ಲೆಯ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಶುರುವಾದದ್ದು 1949ರಲ್ಲಿ, ಅದನ್ನ ಕಟ್ಟಿ ಬೆಳೆಸಿದ ಸುಬ್ಬಣ್ಣನವರು ತೀರಿಕೊಂಡದ್ದು 2005ರಲ್ಲಿ, ಇವತ್ತಿಗೂ ಅವರ ನಾಟಕ ತಂಡ ತಿರುಗಾಟ ಹೊರಡ್ತದೆ. ಅಲ್ಲಿ ಸುಬ್ಬಣ್ಣನವರು ಇರುವಾಗಲೇ ನಾಟಕ ಶಾಲೆ, ತಿರುಗಾಟ, ಶಿಬಿರ ಅಂತ ಒಂದೊಂದಕ್ಕೂ ಅದರದ್ದೇ ಕ್ರಮ ಬಂದಿತ್ತು, ಒಬ್ಬರ ತಲೆಯೊಳಗೆ ಎಲ್ಲ ಇರ್ಲಿಲ್ಲ. ನಿಮ್ಮ ಮೇಷ್ಟ್ರ ತಲೆಯಲ್ಲಿ ಇರುವುದನ್ನ, ಯಾವ ಊರಿನ ಯಾವ ಹೆಡ್ ಮಾಸ್ಟ್ರು ಹೇಗೆ, ಯಾವ ವಯಸ್ಸಿನ ಮಕ್ಕಳಿಗೆ ಯಾವ ಕಥೆ ಹಿಡಿಸ್ತದೆ, ಇದನ್ನೆಲ್ಲ ಈಗಲೇ ಬರೆಸಿಕೊಳ್ಳಿ. ಅವರಿಗೆ ಓಡಾಡ್ಲಿಕ್ಕೆ ಆಗದಿದ್ರೂ ಮಾತಾಡ್ಲಿಕ್ಕೆ ಆಗ್ತದಲ್ಲ, ಹೊಸಬರು ಅವರ ಮನೆಗೇ ಹೋಗಿ ಕಲೀಲಿ.

---

ತುಂಗೆದಡ

ಎಲ್ರೂ ಇಷ್ಟು ಟೈಮ್ ಕೊಟ್ಟು ಬರೆದಿದ್ದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಡಿಮೆನೇ. ಧಾರವಾಡದ ಅಕ್ಕ ಬರೆದಿದ್ದನ್ನ ನಮ್ಮ ಮೇಷ್ಟ್ರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, ನಂಗೆ ಪೆನ್ಷನ್ ಬರ್ತಿತ್ತು ಅದಕ್ಕೇ ಸೇವೆ ಮಾಡಕ್ಕಾಯ್ತು, ಅವ್ರಿಗೆ ಕೊಡೋಣ ಅಂದ್ರು. ನಾನು ಇಷ್ಟು ದಿನ ಅವ್ರು ಒಪ್ಪಲ್ವೇನೋ ಅನ್ಕೊಂಡಿದ್ದೆ.

ಮುಂದಿನ ಮೀಟಿಂಗಲ್ಲಿ ಇದನ್ನ ಇಡ್ತಿದೀನಿ, ಕಥೆಗಾರರ ಸಂಭಾವನೆ ತೆಗೆದಿಟ್ಟು ಉಳಿದ ದುಡ್ಡಲ್ಲೇ ಉತ್ಸವ, ಅದೂ ಊರಿನ ಹಾಲಲ್ಲಿ ಅಲ್ಲ, ನಾವು ವಾರವಾರ ಹೋಗೋ ಒಂದು ಹಳ್ಳಿಲಿ, ಒಂದೇ ತಂಡ. ಶಾಲೆಗೊಬ್ಬ ದಾನಿ ಅನ್ನೋದನ್ನ ತೀರ್ಥಹಳ್ಳಿ ಕಡೆಯ ಎರಡು ಶಾಲೆಯಿಂದ ಶುರು ಮಾಡೋಣ ಅನ್ಕೊಂಡಿದೀವಿ, ಅಲ್ಲಿನ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪ್ ಇದೆ. ಅಮೆರಿಕದೋರಿಗೆ ವಿಷಯ ತಿಳಿಸಿ ಬರೆದೆ, ಬೇಜಾರು ಮಾಡ್ಕೊಂಡಿಲ್ಲ, ಭಾರತದ ಪಾಸ್‌ಪೋರ್ಟ್ ಇರೋರ ಪಟ್ಟಿ ಕಳಿಸ್ತೀವಿ ಅಂದಿದ್ದಾರೆ.

ಲೆಕ್ಕದ ಮೇಷ್ಟ್ರೇ ಒಂದು ಡೌಟು. ನಮ್ಮ ಟ್ರಸ್ಟಿಗಳಲ್ಲೇ ಇಬ್ಬರು ಕಥೆ ಹೇಳ್ತಾರೆ, ನಾನೂ ಹೇಳ್ತೀನಿ. ನಾನು ತಗೊಳಲ್ಲ, ಆದ್ರೆ ಅವರಿಬ್ಬರಿಗೆ ನಿಜವಾಗ್ಲೂ ಅಗತ್ಯ ಇದೆ. ಟ್ರಸ್ಟಿಗೆ ಸಂಭಾವನೆ ಕೊಟ್ರೆ ತೊಂದರೆ ಆಗುತ್ತಾ?

---

ಲೆಕ್ಕದ ಮೇಷ್ಟ್ರು

ಕೊಡಬಹುದು ಮೇಡಂ, ಮಾಡಿದ ಕೆಲಸಕ್ಕೆ ನ್ಯಾಯವಾದ ಮೊತ್ತ ಆಗಿರ್ಬೇಕು ಅಷ್ಟೇ. ಹೊರಗಿನ ಕಥೆಗಾರರಿಗೆ ಕೊಡೋ ರೇಟೇ ಅವರಿಗೂ ಇರ್ಲಿ, ಒಂದು ರೂಪಾಯಿ ಜಾಸ್ತಿ ಬೇಡ, ಜಾಸ್ತಿ ಆದ್ರೆ ತೆರಿಗೆ ವಿನಾಯಿತಿಗೇ ಕುತ್ತು. ಅದಕ್ಕೂ ಮುಂಚೆ ಟ್ರಸ್ಟ್ ಡೀಡ್ ತೆಗೆದು ಓದಿ, ಟ್ರಸ್ಟಿಗಳು ಯಾವ ಸಂಭಾವನೆಯನ್ನೂ ಪಡೆಯತಕ್ಕದ್ದಲ್ಲ ಅಂತ ಹಳೇ ಡೀಡ್‌ಗಳಲ್ಲಿ ಬರೆದಿರ್ತಾರೆ, ಹಂಗಿದ್ರೆ ಕೊಡಕ್ಕಾಗಲ್ಲ, ಅವರಿಬ್ಬರು ಟ್ರಸ್ಟಿ ಸ್ಥಾನ ಬಿಟ್ಟು ಕಥೆಗಾರರಾಗಿ ಮುಂದುವರಿಯೋದು ಒಂದು ದಾರಿ. ಅಂಥ ಷರತ್ತು ಇಲ್ಲ ಅಂದ್ರೆ ಮೀಟಿಂಗಲ್ಲಿ ರೇಟ್ ನಿಗದಿ ಮಾಡೋವಾಗ ಅವರಿಬ್ಬರು ಹೊರಗೆ ಕೂತ್ಕೊಳ್ಳಲಿ, ಹೊರಗೆ ಕೂತಿದ್ರು ಅಂತ ನಡಾವಳಿ ಪುಸ್ತಕದಲ್ಲಿ ಬರೀರಿ. ಪ್ರತಿ ಕಥೆಗೂ ಶಾಲೆಯ ಹೆಡ್ ಮಾಸ್ಟರ್ ಸಹಿ ಮತ್ತು ಸೀಲು ಇರೋ ಒಂದು ಚೀಟಿ, ಅದರ ಹಿಂದೆ ಪಾವತಿ ನಂಬರ್, ಇಷ್ಟಿದ್ರೆ ಆಡಿಟರ್ ತಕರಾರು ತೆಗೆಯಲ್ಲ. ಡೀಡ್‌ನ ಆ ಪುಟ ಇಲ್ಲಿ ಹಾಕಿ, ಹೆಸರುಗಳನ್ನ ಮುಚ್ಚಿ ಹಾಕಿ, ನೋಡಿ ಹೇಳ್ತೀನಿ.